ಹೆಂಚು ಬೆನ್ನಿನ ಬೆಳವ

ಬೆಳವವನ್ನು ನಿಂತು ನೋಡುವವನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂಬುದು ಹುಣಸೇದೊಡ್ಡಿಯವರ ತೀರ್ಮಾನ. ನವಿಲನ್ನು ನೋಡಿದರೆ ಒಂದು ಗರಿಯಾದರೂ ಸಿಕ್ಕೀತು. ಪಾರಿವಾಳದ ಬಡನೆಂಟನಂತಿರುವ ಬೆಳವದಲ್ಲಿ ಏನಿದೆ? ತಿಪ್ಪೆಯ ಮೇಲೆ, ಕರೆಂಟ್ ತಂತಿಯ ಮೇಲೆ, ಒಣಹಾಕಿದ ಹುರುಳಿಯ ಮೇಲೆ, ಎಲ್ಲಿ ನೋಡಿದರೂ ಅದೇ ಮಬ್ಬು ಮೈ, ಅದೇ ಗುಟುರು. ಹಾಗಾಗಿ ಆ ಧನುರ್ಮಾಸದ ಬೆಳಿಗ್ಗೆ ಮುನಿಶಾಮಯ್ಯ ಬೇವಿನ ಕಡ್ಡಿಯನ್ನು ಬಾಯಲ್ಲೇ ಕಚ್ಚಿಕೊಂಡು ಗುಂಡುತೋಪಿನ ಅಂಚಿನಲ್ಲಿ ಕಾಲು ಗಂಟೆ ಅಲ್ಲಾಡದೆ ನಿಂತಿದ್ದನ್ನು ಕಂಡವರು, ಪಾಪ, ರಿಟೈರಾದ ಮೇಲೆ ಹಿಂಗಾಗ್ಬುಟ್ಟ ಎಂದುಕೊಂಡು ತಮ್ಮ ದಾರಿ ಹಿಡಿದರು.

ಅವನು ಇಪ್ಪತ್ತಾರು ವರ್ಷ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವನು. ಆನೆ ಓಡಿಸುವುದು, ಬೆಂಕಿ ಆರಿಸುವುದು, ಬಂದ ಸಾಹೇಬರ ದುರ್ಬೀನು ಹೊರುವುದು ಅವನ ಕೆಲಸ. ದುರ್ಬೀನು ಅವರಿಗೆ, ಬರಿಗಣ್ಣು ಇವನಿಗೆ. ಆದರೂ ನೋಡಿ ನೋಡಿ ಹಕ್ಕಿಯ ಗುರುತು ಹಿಡಿಯುವುದನ್ನು ಕಲಿತುಬಿಟ್ಟ. ಒಬ್ಬ ಸಾಹೇಬರು ವರ್ಗವಾಗಿ ಹೋಗುವಾಗ ಒಂದು ನೋಟ್‌ಬುಕ್ ಕೊಟ್ಟು, ಹೆಸರು ಆಮೇಲೆ ಹುಡುಕು, ಮೊದಲು ಕಣ್ಣಿಗೆ ಕಂಡದ್ದನ್ನು ಬರೆ ಎಂದಿದ್ದರು. ಆ ಮಾತನ್ನು ಮುನಿಶಾಮಯ್ಯ ಇಲಾಖೆಯ ಆರ್ಡರಿನಷ್ಟೇ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದ. ಈಗ ಹನ್ನೊಂದನೇ ನೋಟ್‌ಬುಕ್ ನಡೆಯುತ್ತಿತ್ತು.

ಅವತ್ತು ಅವನು ಕಂಡದ್ದು ಐದು ಹಕ್ಕಿ. ಹುರುಳಿ ಕಿತ್ತ ಹೊಲದಲ್ಲಿ ಊರಿನ ಚುಕ್ಕೆಬೆಳವಗಳ ನಡುವೆ ಮೇಯುತ್ತಿದ್ದವು. ಚುಕ್ಕೆಬೆಳವಕ್ಕಿಂತ ಒಂದು ಸುತ್ತು ದಪ್ಪ. ಕುತ್ತಿಗೆಯ ಪಕ್ಕದಲ್ಲಿ ಬಿಳಿ ಚುಕ್ಕೆಗಳಿಲ್ಲ, ಅಲ್ಲಿ ಕಪ್ಪು ಮತ್ತು ನೀಲಿಬೂದಿ ಗೆರೆಗಳ ಸಣ್ಣದೊಂದು ತೇಪೆ. ಬೆನ್ನಿನ ಪ್ರತಿಯೊಂದು ಗರಿಯೂ ನಡುವೆ ಕಪ್ಪು, ಅಂಚಿಗೆ ಇಟ್ಟಿಗೆಗೆಂಪು. ದೂರದಿಂದ ನೋಡಿದರೆ ಹೊಸದಾಗಿ ಹೆಂಚು ಹೊದಿಸಿದ ಮಾಡಿನ ಹಾಗೆ ಸಾಲು ಸಾಲು. ಅರವತ್ತೊಂದು ವರ್ಷ ಈ ಮಣ್ಣಲ್ಲಿ ಓಡಾಡಿದ ಮುನಿಶಾಮಯ್ಯ ಇಂಥ ಬೆಳವವನ್ನು ಕಂಡಿರಲಿಲ್ಲ. ಮನೆಗೆ ಬಂದು ಬರೆದ: 'ಹೆಂಚು ಬೆಳವ. ಐದು. ಹೆಸರು ಗೊತ್ತಿಲ್ಲ.'

"ತೋಪಿಗೆ ಹೊಸ ಬೆಳ್ವ ಬಂದೈತೆ ಕಣಮ್ಮೀ," ಎಂದ ಹೆಂಡತಿಗೆ.

"ಬಂದ್ರೆ ಬರ್ಲಿ ಬುಡು. ಫ್ಯಾಕ್ಟ್ರೀಲಿ ಕೆಲ್ಸ ಕೇಳ್ಕಂಡು ಬಂದಿರ್ಬೇಕು," ಎಂದಳು ಮಾರಮ್ಮ, ಒಲೆಯಿಂದ ಕಣ್ಣೆತ್ತದೆ.

ಅವಳು ಹೇಳಿದ್ದು ತಮಾಷೆಗೆ, ಆದರೆ ತಮಾಷೆಯೊಳಗೆ ಕಹಿಯಿತ್ತು. ಹಾರೋಹಳ್ಳಿ ಕಡೆಯಿಂದ ಶುರುವಾದ ಫ್ಯಾಕ್ಟರಿ ಶೆಡ್ಡುಗಳ ಸಾಲು ವರ್ಷ ವರ್ಷವೂ ಒಂದೊಂದು ಊರು ದಾಟಿ ಮರಳವಾಡಿ ಹೋಬಳಿಯತ್ತ ಬರುತ್ತಿತ್ತು. ಹೋದ ದಸರಾ ಹೊತ್ತಿಗೆ ಹುಣಸೇದೊಡ್ಡಿಯ ಪಂಚಾಯ್ತಿ ಬಾಗಿಲಿಗೂ ಭೂಸ್ವಾಧೀನದ ನೋಟಿಸು ಅಂಟಿತು. ಅದರಲ್ಲಿ ಎಪ್ಪತ್ತು ಎಕರೆ ಹೊಲದ ಜತೆಗೆ ಕೆರೆ ಪಕ್ಕದ ನಾಲ್ಕು ಎಕರೆ ಗುಂಡುತೋಪೂ ಸೇರಿತ್ತು. ಹೊಲದವರಿಗೆ ಪರಿಹಾರವೆಂದು ಏನೋ ಒಂದು ಬರುತ್ತದೆ. ತೋಪು ಸರ್ಕಾರದ್ದು, ಅದಕ್ಕೆ ಯಾರೂ ದಿಕ್ಕಿಲ್ಲ.

ದಿಕ್ಕು ಎಂದರೆ ಮಾರಮ್ಮನೇ. ಇಪ್ಪತ್ತೆರಡು ವರ್ಷದ ಹಿಂದೆ ಹಳೇ ತೋಪು ಒಣಗಿ ಬೋಳಾದಾಗ ಇಲಾಖೆಯವರು ಹುಣಸೆ, ಹೊಂಗೆ, ನೇರಳೆ ಸಸಿ ನೆಡಿಸಿ ಕೈತೊಳೆದುಕೊಂಡರು. ಎರಡು ಬೇಸಿಗೆ ಕೆರೆಯ ಗುಂಡಿಯಿಂದ ಕೊಡದಲ್ಲಿ ನೀರು ಹೊತ್ತು ಅವನ್ನು ಉಳಿಸಿದವಳು ಇವಳು. ಎರಡನೇ ಬೇಸಿಗೆಯಲ್ಲಿ ಅವಳು ಬಸುರಿ. ಹೊರಬೇಡ ಎಂದವರ ಮಾತು ಕೇಳಲಿಲ್ಲ. ಆ ಮಗು ನಿಲ್ಲಲಿಲ್ಲ, ಆಮೇಲೆ ಇನ್ನೊಂದು ಆಗಲೂ ಇಲ್ಲ. ಮರಗಳು ಮಾತ್ರ ಎದ್ದು ನಿಂತವು. ಇದನ್ನು ಗಂಡ ಹೆಂಡತಿ ಯಾವತ್ತೂ ಕೂತು ಮಾತಾಡಿದವರಲ್ಲ. ಆದರೆ ನೋಟಿಸು ಅಂಟಿದ ದಿನ ಮಾರಮ್ಮ ಉಣ್ಣದೆ ಮಲಗಿದ್ದನ್ನು ಮುನಿಶಾಮಯ್ಯ ನೋಡಿದ್ದ. ತೋಪು ಹೋದರೆ ಇವಳು ಉಳಿಯುವುದಿಲ್ಲ ಎಂಬ ಭಯ ಅವತ್ತೇ ಅವನ ಎದೆಯೊಳಗೆ ಕೂತಿತು.

ಅವನ ತಮ್ಮನ ಮಗಳು ಚೈತ್ರಾ ಕನಕಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಭಾನುವಾರ ಅವಳು ಬಸ್ಸಿನಿಂದ ಇಳಿದಾಗ ಕಂಕುಳಲ್ಲಿ ಇಟ್ಟಿಗೆಯಷ್ಟು ದಪ್ಪದ ಹಕ್ಕಿ ಪುಸ್ತಕ, ಕುತ್ತಿಗೆಯಲ್ಲಿ ಕಾಲೇಜಿನ ದುರ್ಬೀನು. ಇಬ್ಬರೂ ತೋಪಿನ ಅಂಚಿನಲ್ಲಿ ಮಧ್ಯಾಹ್ನ ಮೂರರ ತನಕ ಕೂತರು. ಚಿತ್ರ ಸಿಕ್ಕಿತು, ಗೆರೆ ಗೆರೆಯ ಕುತ್ತಿಗೆಯೂ ಹೊಂದಿತು. ಆದರೆ ಚಿತ್ರದಲ್ಲಿ ಒಂದರ ಪಕ್ಕ ಒಂದು ಎರಡು ಬಗೆ ಇದ್ದವು.

"ದೊಡ್ಡಪ್ಪ, ಬಾಲದ ತುದಿ ನೋಡ್ಬೇಕು. ತುದಿ ಬೂದಿ ಬಣ್ಣ ಇದ್ರೆ ಒಂದು, ಬಿಳಿ ಇದ್ರೆ ಇನ್ನೊಂದು."

"ಬಾಲ ಮುಚ್ಕಂಡು ಕೂತೈತಲ್ಲ ಮಗ. ಇಳಿಯೋವಾಗ ಬಿಚ್ತದೆ, ತಾಳು."

ತಾಳಿದರು. ಕೊನೆಗೆ ಒಂದು ಹೊಂಗೆಮರದಿಂದ ಹೊಲಕ್ಕೆ ಇಳಿಯುವಾಗ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿತು. ತುದಿಯಲ್ಲಿ ಸುಣ್ಣದ ಪಟ್ಟಿ ಎಳೆದ ಹಾಗೆ ಬಿಳಿ. ಚೈತ್ರಾ ದೊಡ್ಡಪ್ಪನ ಮೊಣಕೈ ಹಿಡಿದುಬಿಟ್ಟಳು.

"ಇಂಗ್ಲಿಷಲ್ಲಿ ಓರಿಯೆಂಟಲ್ ಟರ್ಟಲ್ ಡವ್ ಅಂತಾರೆ. ಅದರಲ್ಲೂ ಇದು ಹಿಮಾಲಯದ ಆಚೆ ಕಡೆ ಹುಟ್ಟೋ ಜಾತಿ. ಚಳಿಗಾಲಕ್ಕೆ ಕೆಳಗೆ ಬರ್ತದೆ, ಆದ್ರೆ ಇಷ್ಟು ದಕ್ಷಿಣಕ್ಕೆ ಬರೋದು ತುಂಬಾ ಅಪರೂಪ ಅಂತ ಬರ್ದಿದಾರೆ ದೊಡ್ಡಪ್ಪ!"

"ಹಿಮಾಲಯದಿಂದ ನಮ್ಮ ತೋಪಿಗಾ?" ಎಂದು ಕೇಳಿದ ಮುನಿಶಾಮಯ್ಯ. ಸಂಜೆ ಅದು ಮಾರಮ್ಮನ ಕಿವಿಗೂ ಬಿತ್ತು. ಮಾರನೇ ದಿನ ಅವಳು ಸೊಪ್ಪು ಕುಯ್ಯುವ ನೆಪದಲ್ಲಿ ತೋಪಿಗೆ ಹೋಗಿ ನೋಡಿಕೊಂಡು ಬಂದಳು. "ಚೆಂದಾಗದೆ. ಚಿಕ್ಕೋಳಿದ್ದಾಗ ಅಟ್ಟಣೆ ಮೇಲೆ ನಿಂತ್ಕಂಡು ಬೆಳ್ವಕ್ಕೆ ಕವಣೆ ಬೀಸಿದ್ದೇ ಬೀಸಿದ್ದು. ಈಗ ನೋಡಕ್ಕೆ ಹೋಗ್ಬೇಕಾಯ್ತು," ಎಂದು ನಕ್ಕಳು. ಜೋಳದ ಹೊಲ ಕಾಯುವುದರಲ್ಲಿ ಅವಳ ಕವಣೆಗೆ ಸರಿಸಾಟಿ ಸುತ್ತ ಊರಲ್ಲಿರಲಿಲ್ಲ. ಹಗ್ಗದ ಆ ಕವಣೆ ಈಗಲೂ ಅಟ್ಟದಲ್ಲಿತ್ತು.

ಜನವರಿ ಮೊದಲ ವಾರ ತಾಲ್ಲೂಕು ಕೇಂದ್ರದಲ್ಲಿ ಅಹವಾಲು ಸಭೆ. ಮೇಜಿನಾಚೆ ಕೂತಿದ್ದ ಅಧಿಕಾರಿ ಕೆಟ್ಟವರೇನಲ್ಲ, ಬೇಸತ್ತವರು. ಮರ ಅಂದರೆ, ಎರಡರಷ್ಟು ಬೇರೆ ಕಡೆ ನೆಡಿಸೋಣ ಎಂದರು. ನೆರಳು ಅಂದರೆ ನಕ್ಕರು. ಚೈತ್ರಾ ಎದ್ದು ಬೆಳವದ ವಿಷಯ ಹೇಳಿದಾಗ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು. ಹೇಗೂ ಕೈಗಾರಿಕಾ ಬಡಾವಣೆಯಲ್ಲಿ ಎಲ್ಲಾದರೂ ನಾಲ್ಕು ಎಕರೆ ಹಸಿರು ಪಟ್ಟಿ ಬಿಡಲೇಬೇಕು, ಬಿಡುವುದಾದರೆ ತೋಪನ್ನೇ ಬಿಡಬಹುದು, ಅದಕ್ಕೆ ಕಾಗದದಲ್ಲಿ ಒಂದು ಕಾರಣ ಬೇಕು ಎಂದರು. ಸಂಕ್ರಾಂತಿ ಕಳೆದ ಮಂಗಳವಾರ ಬೆಂಗಳೂರಿನಿಂದ ಒಬ್ಬ ತಜ್ಞರನ್ನು ಕಳಿಸುವುದು, ಅವರು ಕಣ್ಣಾರೆ ಕಂಡು ಬರೆದುಕೊಟ್ಟರೆ ನೋಡೋಣ ಎಂದು ಸಭೆ ಮುಗಿಯಿತು.

ಆ ದಿನದಿಂದ ಮುನಿಶಾಮಯ್ಯ ಹೆಂಚು ಬೆಳವದ ಬೆನ್ನು ಬಿದ್ದ. ಬಂದವರಿಗೆ ತೋರಿಸಬೇಕಾದರೆ ಅದು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಗೊತ್ತಿರಬೇಕಲ್ಲ. ಬಿಸಿಲು ಹತ್ತಿದ ಮೇಲೆ, ಏಳು ಗಂಟೆಗೆ ನೆಲಕ್ಕೆ ಇಳಿಯುತ್ತದೆ. ಬಟಾಬಯಲಲ್ಲೇ ಮೇಯುತ್ತದೆ, ನೆರಳಿಗೆ ಬಂದು ಕಾಳು ಹೆಕ್ಕುವುದಿಲ್ಲ. ಹತ್ತೂವರೆಗೆ ಕೆರೆಯಂಚಿನ ಹೊಂಗೆಮರ ಸೇರಿ ಮೂರರವರೆಗೂ ಅಲ್ಲಾಡುವುದಿಲ್ಲ. ಊರ ಬೆಳವಗಳು ದಿನವಿಡೀ ಗುಟುರು ಹಾಕಿದರೆ ಇದು ಬಾಯೇ ಬಿಡುವುದಿಲ್ಲ, ನೆಂಟರ ಮನೆಗೆ ಬಂದ ಸೊಸೆಯ ಹಾಗೆ. ಇನ್ನೊಂದು ಅಭ್ಯಾಸವನ್ನು ಅವನು ಬರೆದು ಅಡಿಗೆರೆ ಎಳೆದ. 'ಹೆದರಿದರೆ ಚುಕ್ಕೆಬೆಳವ ತಟ್ಟನೆ ಏಳುತ್ತದೆ. ಇದು ಏಳುವುದಿಲ್ಲ. ಮೊದಲು ನೆಲಕ್ಕೆ ಅಂಟಿ ಕೂರುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು. ಆಮೇಲೆ ಪಟಪಟ ರೆಕ್ಕೆ ಬಡಿದು ಏಳುತ್ತದೆ.' ದೂರದಿಂದ ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಸಂಕ್ರಾಂತಿಗೆ ಮೂರು ದಿನ ಇರುವಾಗ ಹುರುಳಿ ಹೊಲಕ್ಕೆ ಮಾಗಿ ಉಳುಮೆ ಬಿತ್ತು. ಟ್ರ್ಯಾಕ್ಟರು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಮಗುಚಿಹಾಕಿತು. ಮಾರನೇ ದಿನ ಕಂಡದ್ದು ಎರಡೇ ಹೆಂಚು ಬೆಳವ. ಕಾಳಿಲ್ಲದ ಕಡೆ ಹಕ್ಕಿ ಯಾಕೆ ನಿಲ್ಲುತ್ತದೆ? ಮುನಿಶಾಮಯ್ಯ ನೇರವಾಗಿ ಹನುಮಂತಯ್ಯನ ಹಟ್ಟಿಗೆ ನಡೆದ. ಹನುಮಂತಯ್ಯ ಊರಿನ ದೊಡ್ಡ ಒಕ್ಕಲು, ಇವನ ಓರಗೆಯವನು. ಅವನ ರಾಗಿ ಮೆದೆ ಇನ್ನೂ ಒಕ್ಕಣೆಯಾಗದೆ ನಿಂತಿತ್ತು.

"ಒಂದು ಗಾಡಿ ರಾಗಿ ಹುಲ್ಲು ಕೊಡಿ ಗೌಡ್ರೇ, ತೆನೆ ಸಮೇತ. ಹಕ್ಕಿಗೆ."

"ಹಕ್ಕಿಗೆ ಗಾಡಿ ರಾಗಿನಾ? ಏನ್ಲಾ ಮುನಿಶಾಮಿ, ಹೊಸ ಅಳಿಯನ್ನ ಕರ್ದಂಗೆ ಕರೀತೀಯಲ್ಲಾ!" ಹನುಮಂತಯ್ಯ ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ಮುನಿಶಾಮಯ್ಯನ ಮುಖ ನೋಡಿ ನಗು ನಿಲ್ಲಿಸಿದ. ಅವನ ಮೂರು ಎಕರೆಯೂ ನೋಟಿಸಿನಲ್ಲಿತ್ತು. "ಸರಿ ಬುಡು. ನಂಗೂ ಒಕ್ಕಣೆ ಆಗ್ಬೇಕು. ತೋಪಿನ ಪಕ್ಕ ರೋಡಿಗೇ ಹಾಕ್ಬುಡು. ನಿನ್ನ ಹಕ್ಕಿ ಎಷ್ಟ್ ತಿಂದಾತು? ಮಿಕ್ಕಿದ್ದು ಬಸ್ಸು ತುಳೀಲಿ. ಎರಡು ಕೆಲ್ಸ ಒಂದೇ ಸಲಕ್ಕೆ ಆಯ್ತದೆ."

ಇದರಲ್ಲಿ ತಪ್ಪೇನಾದರೂ ಇದೆ ಎಂದು ಹುಣಸೇದೊಡ್ಡಿಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ಊರ ಕಣದ ಮೇಲೆ ರೋಡ್ ಕಂಟ್ರಾಕ್ಟರು ಜಲ್ಲಿ ಸುರಿದು ಮೂರು ವರ್ಷವಾಗಿತ್ತು. ಸಗಣಿ ಸಾರಿಸುವ, ಗುಂಡುಕಲ್ಲು ಉರುಳಿಸುವ ಕೆಲಸ ಅಲ್ಲಿಗೇ ನಿಂತಿತು. ಈಗ ಎಲ್ಲರೂ ಡಾಂಬರಿನ ಮೇಲೆ ರಾಗಿ ಹರಡುವವರೇ. ಹೋಗುವ ಬರುವ ಗಾಡಿಗಳೇ ಒಕ್ಕುತ್ತವೆ, ಸಂಜೆ ಹುಲ್ಲು ಕೊಡವಿ ಕಾಳು ಗುಡಿಸಿಕೊಂಡರಾಯಿತು. ಅಂಥದ್ದೊಂದು ಅನುಕೂಲವನ್ನು ಕೈ ತಾನಾಗಿ ಕಲಿತುಬಿಡುತ್ತದೆ. ಇಪ್ಪತ್ತಾರು ವರ್ಷ ಕಾಡು ಕಾದವನ ಕೈಯೂ ಕಲಿತಿತ್ತು.

ಹಬ್ಬದ ದಿನ ಬೆಳಿಗ್ಗೆ ಮುನಿಶಾಮಯ್ಯ, ಮಾರಮ್ಮ ಇಬ್ಬರೂ ಸೇರಿ ತೋಪಿನ ಉದ್ದಕ್ಕೂ ರಾಗಿ ಹರಡಿದರು. ಗಂಟೆ ಕಳೆಯುವುದರೊಳಗೆ ಚುಕ್ಕೆಬೆಳವ ಬಂದವು. ಅವುಗಳ ಹಿಂದೆ ಒಂದು, ಎರಡು, ಐದು. ಐದೂ ಬಂದವು! ಮುನಿಶಾಮಯ್ಯ ಮೋರಿಕಟ್ಟೆಯ ಮೇಲೆ ಕೂತು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡ. ದಿನಕ್ಕೆ ನಾಲ್ಕು ಸಲ ಬಸ್ಸು, ಒಂದು ಹಾಲಿನ ವ್ಯಾನು, ಆಗೊಂದು ಈಗೊಂದು ಟ್ರ್ಯಾಕ್ಟರು. ಗಾಡಿ ಬಂದಾಗ ಎದ್ದು ಟವಲು ಬೀಸುತ್ತಿದ್ದ, ಪರಿಚಯದ ಡ್ರೈವರುಗಳು ನಿಧಾನ ಮಾಡುತ್ತಿದ್ದರು. ಹಕ್ಕಿಗಳು ನೆಲಕ್ಕೆ ಅಂಟಿ, ನಾಲ್ಕು ಎಣಿಸಿ, ಎದ್ದು ಹೊಂಗೆಮರಕ್ಕೆ ಹೋಗಿ ಮತ್ತೆ ಇಳಿಯುತ್ತಿದ್ದವು. ಮೂರು ದಿನ ಹೀಗೇ ನಡೆಯಿತು. ಇಷ್ಟು ಸುಖವಾದ ಮೂರು ದಿನ ಅವನು ನೌಕರಿಯಲ್ಲೂ ಕಂಡಿರಲಿಲ್ಲ.

ಹಬ್ಬಕ್ಕೆಂದು ಊರಾಚೆಯ ಕಲ್ಲು ಕ್ವಾರಿಗೆ ರಜೆ ಕೊಟ್ಟಿದ್ದರು. ಹಾಗಾಗಿ ಆ ಮೂರು ದಿನ ಜಲ್ಲಿ ಟಿಪ್ಪರುಗಳು ಓಡಲಿಲ್ಲ. ಅದು ಅವನಿಗೆ ಗೊತ್ತಿತ್ತು, ನೆನಪಿಗೆ ಬರಲಿಲ್ಲ.

ಮಂಗಳವಾರ ಎಂಟು ಗಂಟೆಗೆ ತಜ್ಞರ ಜೀಪು ಬರಬೇಕಿತ್ತು. ಹೆಸರು ಜಯಕುಮಾರ್ ಎಂದು ಚೈತ್ರಾ ಫೋನಿನಲ್ಲಿ ತಿಳಿಸಿದ್ದಳು. ಜೀಪಿನ ಸದ್ದಿಗೆ ಹಕ್ಕಿ ಹೆದರಿ ಹಾರಿಹೋದರೆ ಗತಿಯೇನು ಎಂದು ಮುನಿಶಾಮಯ್ಯ ನೂರು ಹೆಜ್ಜೆ ಮುಂದೆ, ತಿರುವಿನಲ್ಲಿ ಹೋಗಿ ನಿಂತ. ಜೀಪು ಬಂತು. ಕೈ ಅಡ್ಡ ಹಿಡಿದು ನಿಲ್ಲಿಸಿ, "ಇಲ್ಲೇ ಇಳೀರಿ ಸಾ, ನಡ್ಕಂಡು ಹೋಗವಾ. ಐದೂ ಅವೆ," ಎಂದು ಪಿಸುಗುಟ್ಟಿದ. ಜಯಕುಮಾರ್ ನಗುತ್ತಾ ಇಳಿದು ದುರ್ಬೀನು ಹೆಗಲಿಗೆ ಹಾಕಿಕೊಂಡರು. ಅಷ್ಟರಲ್ಲಿ ಊರಿನ ಆಚೆ ಬದಿಯಿಂದ, ರಜೆ ಮುಗಿದ ಮೇಲಿನ ಮೊದಲ ಟಿಪ್ಪರು ಬರುವ ಸದ್ದು ಕೇಳಿಸಿತು.

ಮುನಿಶಾಮಯ್ಯ ಓಡಿದ. ತಿರುವಿನ ಮರೆಯಿಂದ ಚುಕ್ಕೆಬೆಳವಗಳು ಗುಂಪಾಗಿ ಮೇಲೇಳುವುದು ಕಂಡಿತು. ಅವನ ಬಾಯಿ ತಾನಾಗಿ ಎಣಿಸತೊಡಗಿತು. ಒಂದು. ಎರಡು. ಮೂರು ಎನ್ನುವುದರೊಳಗೆ ಟಿಪ್ಪರು ರಾಗಿಯ ಮೇಲೆ ಹಾದು, ಹುಲ್ಲು ಎಬ್ಬಿಸಿ, ತಿರುವಿನಲ್ಲಿ ಇವನನ್ನೂ ದಾಟಿ ಹೋಯಿತು.

ಮೂರು ಸತ್ತಿದ್ದವು. ಎರಡು ಎಲ್ಲಿಗೆ ಹೋದವೋ ಕಾಣಲಿಲ್ಲ. ಜಯಕುಮಾರ್ ಮಂಡಿಯೂರಿ ಕೂತು, ಕೆಡದೆ ಉಳಿದ ಒಂದನ್ನು ಅಂಗೈಯಲ್ಲಿ ಎತ್ತಿಕೊಂಡರು. ರೆಕ್ಕೆ ಬಿಡಿಸಿ ನೋಡಿದರು. ಬಾಲ ಬಿಡಿಸಿ ನೋಡಿದರು. ಸ್ಕೇಲು ಇಟ್ಟು ಅಳೆದರು.

"ಮುನಿಶಾಮಯ್ಯನವರೇ, ನಿಮ್ಮ ಗುರುತು ನೂರಕ್ಕೆ ನೂರು ಸರಿ. ಅನುಮಾನವೇ ಇಲ್ಲ. ಬದುಕಿದ್ದಾಗ ದೂರದಿಂದ ನೋಡಿದ್ರೆ ನಾನು ಇಷ್ಟು ಗಟ್ಟಿಯಾಗಿ ಹೇಳ್ತಿರಲಿಲ್ಲ."

"ಹಂಗಾದ್ರೆ ಬರ್ಕೊಡ್ತೀರಾ ಸಾ?"

ಜಯಕುಮಾರ್ ತಲೆ ತಗ್ಗಿಸಿದರು. "ಜೀವಂತ ಕಂಡಿದ್ದೇನೆ ಅಂತ ಬರೀಬೇಕು. ನಾನು ಕಂಡಿಲ್ಲ. ಸತ್ತ ಹಕ್ಕಿ ಲೆಕ್ಕಕ್ಕಿಲ್ಲ. ಯಾವುದೋ ಲಾರಿ ಬಂಪರ್‌ಗೆ ಸಿಕ್ಕಿ ಹೊಸೂರಿಂದ ಬಂದಿರಬಹುದು ಅಂತ ಫ್ಯಾಕ್ಟರಿ ಕಡೆ ವಕೀಲರು ಕೇಳಿದ್ರೆ ನಾನು ಏನು ಹೇಳ್ಲಿ? ಶನಿವಾರ ವರದಿ ಕೊಡಬೇಕು. ಶುಕ್ರವಾರ ಬೆಳಿಗ್ಗೆ ಇನ್ನೊಂದು ಸಲ ಬರ್ತೀನಿ. ಒಂದೇ ಒಂದು ಸಾಕು. ನನ್ನ ಕಣ್ಣಿಗೆ ಬಿದ್ರೆ ಸಾಕು."

ಅವರು ಒಂದು ಹಕ್ಕಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೋದರು. ಉಳಿದ ಎರಡನ್ನು ಮಾರಮ್ಮ ಸೆರಗಿನಲ್ಲಿ ಹಾಕಿಕೊಂಡು ಹೊಂಗೆಮರದ ಬುಡಕ್ಕೆ ಒಯ್ದಳು. ಗುದ್ದಲಿಯಲ್ಲಿ ಮಣ್ಣು ತೆಗೆಯುತ್ತಾ ನಿಂತವಳು ಒಂದರ ಎದೆ ಸವರಿ, "ತಿಂದ ರಾಗಿ ಇನ್ನೂ ಗಂಟ್ಲಲ್ಲೇ ಐತೆ ನೋಡು," ಎಂದಳು. ಬೈಯಲಿಲ್ಲ. ಬೈದಿದ್ದರೆ ಮುನಿಶಾಮಯ್ಯನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಡಿಗೆರೆ ಎಳೆದದ್ದು ಅವನೇ. ನಾಲ್ಕು ಎಣಿಸುವಷ್ಟು ಹೊತ್ತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೂ ಅವನೇ. ಗೊತ್ತಿದ್ದವನು ಮಾಡಿದ ತಪ್ಪಿಗೆ ಯಾರನ್ನು ದೂರುವುದು?

ಅವತ್ತೇ ಸಂಜೆ ರಾಗಿಯನ್ನೆಲ್ಲ ಗುಡಿಸಿ ಹನುಮಂತಯ್ಯನ ಹಟ್ಟಿಗೆ ಸೇರಿಸಿದ. ಆದರೆ ಡಾಂಬರಿನ ಬಿರುಕಿನಲ್ಲಿ, ರಸ್ತೆಯಂಚಿನ ಜಲ್ಲಿಯಲ್ಲಿ ಸಿಕ್ಕಿಕೊಂಡ ಕಾಳನ್ನು ಯಾವ ಪೊರಕೆ ತೆಗೆದೀತು? ಬುಧವಾರ ಎರಡೂ ಹಕ್ಕಿ ಬಂದು ರಸ್ತೆಯ ಮೇಲೆಯೇ ಇಳಿದವು. ತೋಪಿನ ಒಳಗೆ ರಾಗಿ ಚೆಲ್ಲಿ ನೋಡಿದ. ಊರ ಬೆಳವಗಳು ತಿಂದು ಹೋದವು, ಇವು ನೆರಳಿಗೆ ಬರಲಿಲ್ಲ. ಉತ್ತ ಹೊಲದಲ್ಲಿ ಚೆಲ್ಲಿದ, ಹೆಂಟೆಯ ಸಂದಿಗೆ ಬಿದ್ದ ಕಾಳು ಕಾಣಲೇ ಇಲ್ಲ. ಇಲ್ಲಿ ಕಾಳು ಸಿಗುತ್ತದೆ ಎಂದು ಅವನೇ ಮೂರು ದಿನ ಕಲಿಸಿದ್ದ ಪಾಠವನ್ನು ಅವು ಚಾಚೂ ತಪ್ಪದೆ ಕಲಿತಿದ್ದವು. ಟಿಪ್ಪರುಗಳು ಈಗ ಹತ್ತು ನಿಮಿಷಕ್ಕೊಂದು.

ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಟವಲು ಹಿಡಿದು ನಿಂತರು. ಕ್ವಾರಿಯ ಡ್ರೈವರುಗಳು ಹೊರಗಿನವರು. ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ, ಮುದುಕ ಲಿಫ್ಟ್ ಕೇಳುತ್ತಿದ್ದಾನೆ ಎಂದುಕೊಂಡು, ಜಾಗವಿಲ್ಲ ಎಂಬಂತೆ ಕೈಯಾಡಿಸಿ, ಹಾರನ್ನು ಒತ್ತಿ ಹೋದ. ಅವನು ಹೋದ ಮೇಲೆ ಡಾಂಬರಿಗೆ ಅಂಟಿದ್ದ ಕೆಂಪು ಅಂಚಿನ ಗರಿಗಳನ್ನು ಮುನಿಶಾಮಯ್ಯ ಉಗುರಿನಿಂದ ಕೆರೆದು ತೆಗೆದ.

ಒಂದು ಉಳಿಯಿತು.

ಶುಕ್ರವಾರ ಬಿಸಿಲು ಹತ್ತುವ ಮುಂಚೆಯೇ ಇಬ್ಬರೂ ಮೋರಿಕಟ್ಟೆಯ ಮೇಲೆ ಬಂದು ಕೂತರು. ಏಳು ಗಂಟೆಗೆ ಸರಿಯಾಗಿ ಹಕ್ಕಿ ಇಳಿಯಿತು. ಒಂಟಿಯಾಗಿ, ರಸ್ತೆಯ ನಟ್ಟನಡುವೆ, ಬಿರುಕು ಬಿರುಕಿಗೂ ಕೊಕ್ಕು ಹಾಕುತ್ತಾ ನಡೆಯಿತು. ಏಳು ಹತ್ತಕ್ಕೆ ಮೊದಲ ಟಿಪ್ಪರು ಬಂತು. ಮುನಿಶಾಮಯ್ಯ ಟವಲು ಬೀಸಿ ಕೂಗಿಕೊಂಡ. ಹಕ್ಕಿ ಡಾಂಬರಿಗೆ ಅಂಟಿ ಕೂತಿತು. ಚಕ್ರಗಳು ಅದರ ಎರಡೂ ಬದಿಗೆ ಹಾದುಹೋದವು. ಧೂಳು ಇಳಿದ ಮೇಲೆ ಎದ್ದು, ಹೊಂಗೆಮರದಲ್ಲಿ ಒಂದು ಗಳಿಗೆ ಕೂತು, ಮತ್ತೆ ಅಲ್ಲಿಗೇ ಬಂತು. ಎಂಟಕ್ಕೆ ಇನ್ನೂ ನಲವತ್ತು ನಿಮಿಷ. ಅಷ್ಟರಲ್ಲಿ ಇನ್ನು ನಾಲ್ಕು ಟಿಪ್ಪರು.

ಮಾರಮ್ಮ ಮಡಿಲಿನಿಂದ ಕವಣೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅಟ್ಟದ ಧೂಳು ಕೊಡವಿ, ಹಗ್ಗಕ್ಕೆ ಎಣ್ಣೆ ಸವರಿದ್ದಳು.

"ಅದ್ಯಾಕ್ ತಂದೆ?"

"ಯಾಕ್ ತಂದೆ ಅಂತ ನಿಂಗ್ ಗೊತ್ತು."

"ಅವ್ರು ಬಂದು ಒಂದ್ಸಲ ನೋಡ್ಬುಟ್ರೆ ತೋಪು ಉಳೀತದೆ ಕಣಮ್ಮೀ. ನೀನು ನೀರು ಹೊತ್ತ ತೋಪು."

"ಹೊತ್ತೋಳು ನಾನು. ಅದ್ಕೇ ಕೇಳ್ತಾ ಇವ್ನಿ. ಅಲ್ಲೀಗಂಟ ಅದು ಉಳೀತದಾ?"

ಮುನಿಶಾಮಯ್ಯ ರಸ್ತೆ ನೋಡಿದ. ಹಕ್ಕಿ ನೋಡಿದ. ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ. "ಅದೃಷ್ಟ ಇದ್ರೆ..." ಎಂದ.

"ಒಂದ್ಸಲ ನಾನೂ ಹಂಗೇ ಅಂದ್ಕಂಡೆ," ಎಂದಳು ಮಾರಮ್ಮ. "ಇನ್ನೊಂದು ಕೊಡ, ಇನ್ನೊಂದೇ ಕೊಡ, ಏನೂ ಆಗಕ್ಕಿಲ್ಲ ಅಂತ. ಮರ ಬೇಕು ಅಂತ ಒಂದು ಜೀವ ಕೊಟ್ಟಾಯ್ತು. ಇನ್ನೊಂದು ಕೊಡಕ್ಕೆ ನನ್ ಕೈಲಿ ಆಗಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಮುನಿಶಾಮಯ್ಯ ಬಗ್ಗಿ ಒಂದು ದುಂಡು ಕಲ್ಲು ಎತ್ತಿ ಅವಳ ಕೈಗಿಟ್ಟ. ದೂರದ ಏರಿನಲ್ಲಿ ಎರಡನೇ ಟಿಪ್ಪರು ಗೇರು ಬದಲಿಸುವ ಸದ್ದು ಕೇಳಿಸಿತು.

"ಹೊಡಿ," ಎಂದ.

ಮಾರಮ್ಮ ಎದ್ದು ಕಾಲೂರಿ ನಿಂತಳು. ಕವಣೆ ತಲೆಯ ಮೇಲೆ ಎರಡು ಸುತ್ತು ಸುತ್ತಿತು. ಕಲ್ಲು ಹಕ್ಕಿಯ ಮಗ್ಗುಲಲ್ಲೇ ಡಾಂಬರಿಗೆ ಬಡಿದು ಚಿಮ್ಮಿತು. ಹಕ್ಕಿ ನೆಲಕ್ಕೆ ಅಂಟಿತು. ಒಂದು, ಎರಡು, ಮೂರು, ನಾಲ್ಕು ಎಂದು ಮುನಿಶಾಮಯ್ಯ ಜೋರಾಗಿಯೇ ಎಣಿಸಿದ. ಅದು ರೆಕ್ಕೆ ಬಡಿದು ಎದ್ದಿತು. ಅದು ಹೊಂಗೆಮರಕ್ಕೆ ಹೋಗಿ ಕೂತ ಮೇಲೆ ಟಿಪ್ಪರು ಹಾದುಹೋಯಿತು.

ಅಲ್ಲಿಗೇ ಬಿಟ್ಟರೆ ಮತ್ತೆ ಇಳಿಯುತ್ತದೆ, ಇಬ್ಬರಿಗೂ ಗೊತ್ತಿತ್ತು. ಮಾರಮ್ಮ ಹೊಂಗೆಮರಕ್ಕೆ ಕಲ್ಲು ಬೀಸಿದಳು. ಎಲೆ ಉದುರಿತು, ಹಕ್ಕಿ ಹಾರಿ ನೇರಳೆಮರದಲ್ಲಿ ಕೂತಿತು. ನೇರಳೆಗೂ ಬೀಸಿದಳು. ಅಲ್ಲಿಂದ ಹುಣಸೆಗೆ, ಹುಣಸೆಯಿಂದ ಮತ್ತೆ ಹೊಂಗೆಗೆ. ಮುನಿಶಾಮಯ್ಯ ಕಲ್ಲು ಆರಿಸಿ ಅವಳ ಕೈಗೆ ಕೊಡುತ್ತಾ ಮರದಿಂದ ಮರಕ್ಕೆ ಓಡಿದ. ತಾನು ನೀರು ಹೊತ್ತ ಒಂದೊಂದು ಮರಕ್ಕೂ ಕಲ್ಲು ಹೊಡೆಯುತ್ತಾ ಅವಳು ಅಳುತ್ತಿದ್ದಳು. ಇವನೂ ಅಳುತ್ತಿದ್ದ. ನೋಡಿದವರು ಗಂಡ ಹೆಂಡತಿಗೆ ಹುಚ್ಚು ಹಿಡಿದಿದೆ ಎಂದುಕೊಳ್ಳಬೇಕು, ಹಾಗಿತ್ತು. ಕೊನೆಗೆ ಬೆಳವ ತೋಪನ್ನು ಬಿಟ್ಟು ಎತ್ತರಕ್ಕೆ ಎದ್ದಿತು, ಕೆರೆ ದಾಟಿತು, ದಕ್ಷಿಣದ ಗುಡ್ಡಗಳ ಕಡೆ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕಾಣದಾಯಿತು.

ಎಂಟು ಗಂಟೆಗೆ ಐದು ನಿಮಿಷವಿರುವಾಗ ಜೀಪು ಬಂತು. ಜಯಕುಮಾರ್ ಕ್ಯಾಮರಾ ಕೂಡ ತಂದಿದ್ದರು. "ಬಂತಾ?" ಎಂದು ಕಣ್ಣರಳಿಸಿ ಕೇಳಿದರು.

"ಬಂದಿತ್ತು ಸಾ. ನಾವೇ ಓಡಿಸ್ಬುಟ್ಟೊ."

ಅವರು ಇವನನ್ನು ನೋಡಿದರು, ರಸ್ತೆ ನೋಡಿದರು. ಅಷ್ಟರಲ್ಲಿ ಇನ್ನೊಂದು ಟಿಪ್ಪರು ಧೂಳೆಬ್ಬಿಸಿಕೊಂಡು ಹೋಯಿತು. ಅರ್ಥವಾಯಿತು ಅನಿಸುತ್ತದೆ. ಆದರೂ ಹನ್ನೊಂದರ ತನಕ ಕಾದರು. ಆಮೇಲೆ ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು, 'ಸ್ಥಳದಲ್ಲಿ ಜೀವಂತವಾಗಿ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದರು. ಹೋಗುವಾಗ ಮುನಿಶಾಮಯ್ಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಶಿವರಾತ್ರಿ ಹೊತ್ತಿಗೆ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬಿತ್ತು. ಯುಗಾದಿಗೆ ಬೇವಿನಸೊಪ್ಪು ತರಲು ಹೊರಟವರಿಗೆ ತೋಪು ಇರಲಿಲ್ಲ. ಮುನಿಶಾಮಯ್ಯ ಹೆದರಿದಂತೆ ಮಾರಮ್ಮ ಸಾಯಲಿಲ್ಲ, ಬದುಕಿದಳು. ಮಾತು ಕಡಿಮೆಯಾಯಿತು, ತಮಾಷೆ ಪೂರ್ತಿ ನಿಂತಿತು. ಚೈತ್ರಾ ಒಮ್ಮೆ ಬಂದಾಗ, ಬೆಂಗಳೂರಿನ ಹಕ್ಕಿ ಸಂಗ್ರಹದಲ್ಲಿ ಹತ್ತಿ ತುಂಬಿಟ್ಟ, ಜಯಕುಮಾರ್ ಒಯ್ದಿದ್ದ ಆ ಹಕ್ಕಿಯನ್ನು ನೋಡಿ ಬಂದೆನೆಂದು ಹೇಳಿದಳು. ಕಾಲಿಗೆ ಚೀಟಿ ಕಟ್ಟಿದ್ದಾರಂತೆ, ಸಿಕ್ಕಿದ ಜಾಗ 'ಮರಳವಾಡಿ ರಸ್ತೆ' ಎಂದಿದೆಯಂತೆ. ತೋಪಿನ ಹೆಸರು ಅದರಲ್ಲಿಯೂ ಇಲ್ಲ.

ಮತ್ತೆ ಧನುರ್ಮಾಸ ಬಂತು. ಬೇವಿನ ಕಡ್ಡಿ ಕಚ್ಚಿಕೊಂಡು ಮುನಿಶಾಮಯ್ಯ ದಿನವೂ ರಸ್ತೆಯವರೆಗೆ ಹೋಗುತ್ತಿದ್ದ. ತೋಪಿದ್ದ ಕಡೆ ಈಗ ಸಿಮೆಂಟ್ ಹಾಲೋಬ್ಲಾಕಿನ ಕಾಂಪೌಂಡು. ಅದರ ಮೇಲೆ ಊರ ಬೆಳವಗಳು ಕೂತು ಗುಟುರು ಹಾಕುತ್ತಿದ್ದವು. ಹೆಂಚು ಬೆನ್ನಿನದು ಒಂದೂ ಇಲ್ಲ. ಸದ್ಯ, ಬರಲಿಲ್ಲವಲ್ಲ ಎಂದು ಮೊದಲು ಸಮಾಧಾನವಾಗುತ್ತಿತ್ತು. ಹಾಗೆ ಸಮಾಧಾನಪಡುವ ಸ್ಥಿತಿಗೆ ತಾನು ಬಂದುಬಿಟ್ಟೆನಲ್ಲ ಎಂದುಕೊಂಡು ಆಮೇಲೆ ಕಡ್ಡಿ ಉಗಿದು ತಿರುಗಿ ನಡೆಯುತ್ತಿದ್ದ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ 'ಇಲ್ಲ' ಎಂದು ಬರೆಯುತ್ತಿದ್ದ.

"ಬಂದವಾ?" ಎಂದು ಒಳಗಿಂದ ಮಾರಮ್ಮ ಕೇಳುತ್ತಿದ್ದಳು.

"ಇಲ್ಲ ಕಣಮ್ಮೀ."

ಅವಳು ಹೂಂ ಎನ್ನುತ್ತಿದ್ದಳು. ಕವಣೆಯನ್ನು ಅವಳು ಮತ್ತೆ ಅಟ್ಟಕ್ಕೆ ಹಾಕಿರಲಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ, ಕೈಗೆ ಎಟುಕುವಂತೆ, ಎಣ್ಣೆ ಸವರಿ ನೇತುಹಾಕಿದ್ದಳು. ಬಂದರೆ ಓಡಿಸಬೇಕಲ್ಲ.